ಫ್ಲೋರಿಡಾದ ಪರ್ಯಾಯ ನೀರು ಯೋಜನೆಗಳಿಗೆ ವೆಚ್ಚ ಹಂಚಿಕೆ ಅನುದಾನ: ಮೊದಲ ಹೆಜ್ಜೆಯಿಂದ ಕೊನೆಯ ಬಿಲ್‌ವರೆಗೆ

ಫ್ಲೋರಿಡಾದಲ್ಲಿ ಮಳೆಗೇನೂ ಕೊರತೆಯಿಲ್ಲ. ವರ್ಷಕ್ಕೆ ಸರಾಸರಿ 50 ಇಂಚಿಗಿಂತ ಜಾಸ್ತಿಯೇ ಸುರಿಯುತ್ತದೆ. ಆದರೂ ಅಲ್ಲಿನ ನಗರಗಳು ಹೊಸ ನೀರಿಗಾಗಿ ಸಮುದ್ರದ ಕಡೆ, ಸವಳು ಅಂತರ್ಜಲದ ಕಡೆ, ಸಂಸ್ಕರಿಸಿದ ಕೊಳಚೆ ನೀರಿನ ಕಡೆ ನೋಡುತ್ತಿವೆ. ಕಾರಣ ನೆಲದಡಿಯಲ್ಲಿದೆ. ರಾಜ್ಯದ ಬಹುಭಾಗಕ್ಕೆ ದಶಕಗಳಿಂದ ನೀರು ಕೊಟ್ಟಿರುವುದು ಫ್ಲೋರಿಡನ್ ಅಕ್ವಿಫರ್ ಎಂಬ ಸುಣ್ಣಕಲ್ಲಿನ ಜಲಪದರ. ಸಿಹಿ ನೀರು, ಅಗ್ಗದ ನೀರು. ಅತಿಯಾಗಿ ಎತ್ತಿದ ಕಡೆಗಳಲ್ಲಿ ಕೆರೆಗಳು ತಗ್ಗಿದವು, ಬುಗ್ಗೆಗಳ ಹರಿವು ಇಳಿಯಿತು, ಕರಾವಳಿಯ ಬಾವಿಗಳಿಗೆ ಉಪ್ಪು ನುಗ್ಗಿತು.

ಬೇರೆ ಮೂಲದ ನೀರು ದುಬಾರಿ. ಅದಕ್ಕೇ ಸಾರ್ವಜನಿಕ ಹಣ ಪಾಲು ಕೊಡುತ್ತದೆ. ಈ ಪಾಲನ್ನು ಪಡೆಯುವುದು ಹೇಗೆ ಎಂಬುದೇ ಈ ಬರಹ. ಅಲ್ಲಿನ ಸಣ್ಣ ನಗರದ ನೀರು ವಿಭಾಗದಲ್ಲೋ, ಕನ್ಸಲ್ಟೆಂಟ್ ಕಚೇರಿಯಲ್ಲೋ ಕೆಲಸ ಮಾಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬೇಕು. ನೀರಿನ ಹಣಕಾಸು ಹೇಗೆ ನಡೆಯುತ್ತದೆ ಎಂದು ಕುತೂಹಲ ಇರುವವರೂ ಓದಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿ ತುಂಬುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ತೀರ್ಮಾನ ಆಗಿಹೋಗಿರುತ್ತದೆ. ಯೋಜನೆ ಯಾವ ಪಟ್ಟಿಯಲ್ಲಿದೆ, ಜೊತೆಗೆ ಯಾರಿದ್ದಾರೆ, ನೀರನ್ನು ಯಾರು ಕೊಳ್ಳುತ್ತಾರೆ ಎಂಬ ಮೂರು ವಿಷಯ ಮೊದಲೇ ಗಟ್ಟಿಯಾಗಿದ್ದರೆ ಅರ್ಜಿ ಬರೆಯುವುದು ಸುಲಭ. ಇಲ್ಲದಿದ್ದರೆ ಎಷ್ಟು ಚೆಂದ ಬರೆದರೂ ಸುಮ್ನೆ.

ಹಣ ಯಾರ ಕೈಯಲ್ಲಿದೆ

1972ರ ಜಲ ಸಂಪನ್ಮೂಲ ಕಾಯ್ದೆಯಿಂದ ಫ್ಲೋರಿಡಾದಲ್ಲಿ ನೀರು ನಿರ್ವಹಣಾ ಜಿಲ್ಲೆಗಳು ಬಂದವು. ಈಗ ಐದು ಇವೆ: ವಾಯವ್ಯ ಫ್ಲೋರಿಡಾ, ಸುವಾನಿ ನದಿ, ಸೇಂಟ್ ಜಾನ್ಸ್ ನದಿ, ನೈಋತ್ಯ ಫ್ಲೋರಿಡಾ ಮತ್ತು ದಕ್ಷಿಣ ಫ್ಲೋರಿಡಾ. ಈ ಬರಹದಲ್ಲಿ ಜಿಲ್ಲೆ ಎಂದರೆ ಇವೇ. ಇವುಗಳ ಗಡಿ ಕೌಂಟಿಯ (ರಾಜ್ಯದೊಳಗಿನ ಆಡಳಿತ ವಿಭಾಗ) ಗಡಿಯನ್ನು ನೋಡುವುದಿಲ್ಲ, ನೀರು ಹರಿಯುವ ದಾರಿಯನ್ನು ನೋಡುತ್ತದೆ. ಹಾಗಾಗಿ ಒಂದೇ ಕೌಂಟಿ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿರುವುದೂ ಉಂಟು. ನಿಮ್ಮ ಬಾವಿ ಯಾವ ಜಿಲ್ಲೆಯಲ್ಲಿದೆ, ನೀರು ಬಳಸುವ ಜನ ಯಾವ ಜಿಲ್ಲೆಯಲ್ಲಿದ್ದಾರೆ ಎಂಬುದನ್ನು ನಕ್ಷೆ ಹಿಡಿದೇ ನೋಡಿಕೊಳ್ಳಿ.

ಈ ಜಿಲ್ಲೆಗಳಿಗೆ ಆಸ್ತಿ ತೆರಿಗೆ ಹಾಕುವ ಅಧಿಕಾರವಿದೆ. ಆದರೆ ಎಲ್ಲರ ಬಲವೂ ಒಂದೇ ಅಲ್ಲ. ವಾಯವ್ಯ ಜಿಲ್ಲೆಗೆ ರಾಜ್ಯದ ಸಂವಿಧಾನವೇ 0.05 ಮಿಲ್ ಎಂಬ ಮಿತಿ ಹಾಕಿದೆ. ಅಂದರೆ 1000 ಡಾಲರ್ ಆಸ್ತಿ ಮೌಲ್ಯಕ್ಕೆ ಐದೇ ಸೆಂಟ್. ಸುವಾನಿ ಜಿಲ್ಲೆ ಹಳ್ಳಿಗಾಡು, ತೆರಿಗೆ ಹಾಕಲು ಆಸ್ತಿಯೇ ಕಡಿಮೆ. ದೊಡ್ಡ ಕರಾವಳಿ ನಗರಗಳಿರುವ ಜಿಲ್ಲೆಗಳ ಸ್ಥಿತಿ ಬೇರೆ. ಒಂದು ಜಿಲ್ಲೆಯಲ್ಲಿ ಗೆದ್ದ ಅರ್ಜಿಯನ್ನು ಇನ್ನೊಂದು ಜಿಲ್ಲೆಗೆ ಹಾಗೇ ನಕಲು ಮಾಡಬೇಡಿ ಎನ್ನುವುದು ಇದಕ್ಕೇ.

ಹಣದ ಎರಡನೇ ಮೂಲ ರಾಜ್ಯ. ಶಾಸನಸಭೆ ಬಜೆಟ್‌ನಲ್ಲಿ ಪರ್ಯಾಯ ನೀರಿಗೆ ಹಣ ಇಟ್ಟರೆ ಅದು ಪರಿಸರ ಸಂರಕ್ಷಣಾ ಇಲಾಖೆಯ ಮೂಲಕ ಬರುತ್ತದೆ. 2019-20ರಲ್ಲಿ ಹೀಗೆ 4 ಕೋಟಿ ಡಾಲರ್ ಇಟ್ಟರು. ಇದು ಪ್ರತಿ ವರ್ಷ ಹೊಸದಾಗಿ ಆಗುವ ತೀರ್ಮಾನ. ಮುಂದಿನ ವರ್ಷವೂ ಅಷ್ಟೇ ಬರುತ್ತದೆ ಎಂದು ಲೆಕ್ಕ ಹಾಕಿ ಟೆಂಡರ್ ಕರೆಯಬೇಡಿ. ಮೂರನೆಯದು ಕೇಂದ್ರ ಸರ್ಕಾರದ ಸಾಲ, ಅದರ ಮಾತು ಆಮೇಲೆ.

ಹಂತ 1: ನಿಮ್ಮ ನೀರು ಕಾನೂನಿನ ಪ್ರಕಾರ ಪರ್ಯಾಯ ಹೌದೇ

ಫ್ಲೋರಿಡಾ ಕಾನೂನಿನ 373.019ನೇ ಸೆಕ್ಷನ್ ಇದನ್ನು ಬಿಡಿಸಿ ಹೇಳುತ್ತದೆ. ಉಪ್ಪು ನೀರು, ಸವಳು ನೀರು, ಮುಖ್ಯವಾಗಿ ಮಳೆಗಾಲದ ಹೆಚ್ಚುವರಿ ಹರಿವಿನಿಂದ ಹಿಡಿದ ನದಿ ನೀರು, ಹೊಸ ಸಂಗ್ರಹ ಸಾಮರ್ಥ್ಯ ಕಟ್ಟಿದ್ದರಿಂದ ಸಿಕ್ಕ ನೀರು, ಬಳಸಿ ಸಂಸ್ಕರಿಸಿದ ನೀರು, ರಸ್ತೆ ಮತ್ತು ಚಾವಣಿಯ ಮಳೆ ನೀರು ಎಲ್ಲವೂ ಸೇರುತ್ತವೆ. ಇಷ್ಟಲ್ಲದೆ, ಆ ಪ್ರದೇಶದ ನೀರು ಪೂರೈಕೆ ಯೋಜನೆ ಯಾವುದನ್ನು 'ಸಾಂಪ್ರದಾಯಿಕವಲ್ಲದ್ದು' ಎಂದು ಗುರುತಿಸುತ್ತದೋ ಅದೂ ಸೇರುತ್ತದೆ.

ಈ ಕೊನೆಯ ಸಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಧ್ಯ ಫ್ಲೋರಿಡಾದ ಪೋಕ್ ಕೌಂಟಿಯಲ್ಲಿ ಫ್ಲೋರಿಡನ್ ಪದರದ ಕೆಳಭಾಗದಿಂದ ನೀರೆತ್ತಿ, ಉಪ್ಪು ತೆಗೆದು ಕೊಡುವ ಕೆಲಸ ನಡೆದಿದೆ. ಮೇಲಿನ ಪದರದ ಸಿಹಿ ನೀರು ಸಾಂಪ್ರದಾಯಿಕ, ಕೆಳಗಿನ ಸವಳು ನೀರು ಪರ್ಯಾಯ. ಹೆಸರು ಒಂದೇ, ಆಳ ಬೇರೆ, ಹಣದ ದಾರಿಯೂ ಬೇರೆ. ಹಳೆಯ ಬಾವಿಯ ಪಕ್ಕ ಅದೇ ಆಳಕ್ಕೆ ಇನ್ನೊಂದು ಬಾವಿ ತೋಡುವುದಕ್ಕೆ ಈ ಅನುದಾನ ಸಿಗುವುದಿಲ್ಲ. ಹಳೆಯ ಪೈಪು ಬದಲಿಸುವುದಕ್ಕೂ ಸಿಗುವುದಿಲ್ಲ.

ಹಂತ 2: ಪ್ರಾದೇಶಿಕ ಯೋಜನೆಯಲ್ಲಿ ಹೆಸರು ಬರಲಿ

ಜಿಲ್ಲೆಗಳು ಕನಿಷ್ಠ 20 ವರ್ಷ ಮುಂದೆ ನೋಡಿ ಪ್ರಾದೇಶಿಕ ನೀರು ಪೂರೈಕೆ ಯೋಜನೆ ಬರೆಯುತ್ತವೆ. ಐದು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡುತ್ತವೆ. ಎಷ್ಟು ಜನ ಬರುತ್ತಾರೆ, ಎಷ್ಟು ನೀರು ಬೇಕು, ಎಲ್ಲಿಂದ ತರಬಹುದು ಎಂಬ ಲೆಕ್ಕದ ಜೊತೆಗೆ ಅದರಲ್ಲಿ ಒಂದು ಯೋಜನಾ ಪಟ್ಟಿಯೂ ಇರುತ್ತದೆ. ನಿಮ್ಮ ಯೋಜನೆ ಆ ಪಟ್ಟಿಯಲ್ಲಿರಬೇಕು. ಮಧ್ಯ ಫ್ಲೋರಿಡಾದಲ್ಲಿ ಮೂರು ಜಿಲ್ಲೆಗಳ ಗಡಿ ಸೇರುವುದರಿಂದ ಆರೆಂಜ್, ಆಸಿಯೋಲಾ, ಪೋಕ್, ಸೆಮಿನೋಲ್ ಕೌಂಟಿಗಳು ಮತ್ತು ಲೇಕ್ ಕೌಂಟಿಯ ದಕ್ಷಿಣ ಭಾಗಕ್ಕೆ ಸೇರಿಸಿ ಒಂದೇ ಯೋಜನೆ ಮಾಡುತ್ತಾರೆ.

ಈ ಪ್ರಾದೇಶಿಕ ಯೋಜನೆ ಮಂಜೂರಾದ ಮೇಲೆ ಆರು ತಿಂಗಳೊಳಗೆ ಜಿಲ್ಲೆಯಿಂದ ನಿಮಗೆ ರಿಜಿಸ್ಟರ್ಡ್ ಪತ್ರ ಬರುತ್ತದೆ. ಈ ಪಟ್ಟಿಯಲ್ಲಿ ನಿಮಗೆ ಸಂಬಂಧಿಸಿದ್ದು ಇಂತಿಂಥದ್ದು ಎಂದು ಅದು ತಿಳಿಸುತ್ತದೆ. ಅಲ್ಲಿಂದ ಒಂದು ವರ್ಷದೊಳಗೆ ನೀವು ಯಾವ ಯೋಜನೆ ಆರಿಸಿಕೊಂಡಿರಿ ಎಂದು ಬರೆದು ತಿಳಿಸಬೇಕು. ನಗರದ ಹತ್ತು ವರ್ಷದ ನೀರು ಕಾಮಗಾರಿ ಯೋಜನೆಯನ್ನೂ, ಪ್ರಾದೇಶಿಕ ಯೋಜನೆ ಮಂಜೂರಾದ 18 ತಿಂಗಳೊಳಗೆ, ಅದಕ್ಕೆ ಹೊಂದಿಸಬೇಕು. ಈ ಪತ್ರ ಯಾರದೋ ಮೇಜಿನ ಕಡತದಲ್ಲಿ ಕೂತುಬಿಟ್ಟರೆ ಮುಂದೆ ತೊಂದರೆ. ಪತ್ರ ಬಂದ ದಿನವೇ ಎರಡೂ ಗಡುವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಕರಡು ಯೋಜನೆ ಹೊರಬಂದಾಗ ಸಾರ್ವಜನಿಕ ಸಭೆಗಳು ನಡೆಯುತ್ತವೆ. ಹಣ ಬೇಕೆನ್ನುವವರು ಈ ಸಭೆಗೆ ಹೋಗಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಜನಸಂಖ್ಯೆಯ ಅಂದಾಜು ತಪ್ಪಿದ್ದರೆ ಆಕ್ಷೇಪಿಸುವ ಜಾಗ ಅದು. ಅರ್ಜಿಯ ಹೊತ್ತಿನಲ್ಲಿ 'ನಮ್ಮ ಬೇಡಿಕೆ ಯೋಜನೆಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ' ಎಂದರೆ ಯಾರೂ ಕಿವಿಗೊಡುವುದಿಲ್ಲ.

ಹಂತ 3: ಜೊತೆಗಾರರನ್ನು ಹುಡುಕಿ, ನೀರಿನ ಪಾಲು ಬರೆದುಕೊಳ್ಳಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಎಂಜಿನಿಯರಿಂಗ್ ಬರುವುದು ಇದರ ನಂತರ.

ಹಲವು ಊರುಗಳು ಸೇರಿದ ಪ್ರಾದೇಶಿಕ ಸಂಸ್ಥೆಗೆ ಕಾನೂನೇ ಆದ್ಯತೆ ಕೊಡುತ್ತದೆ. ಕಾರಣ ಸರಳ. ನಾಲ್ಕು ಊರು ನಾಲ್ಕು ಸಣ್ಣ ಘಟಕ ಕಟ್ಟುವುದಕ್ಕಿಂತ ಒಂದು ದೊಡ್ಡ ಘಟಕದಲ್ಲಿ ಗ್ಯಾಲನ್ನಿನ ಬೆಲೆ ಇಳಿಯುತ್ತದೆ. ಬಾವಿಗಳನ್ನು ಕೆರೆ ಮತ್ತು ಬುಗ್ಗೆಗಳಿಂದ ದೂರಕ್ಕೆ ಸರಿಸಲೂ ಜಾಗ ಸಿಗುತ್ತದೆ. 1969ರ ಅಂತರ್‌ಸ್ಥಳೀಯ ಸಹಕಾರ ಕಾಯ್ದೆಯಡಿ ಊರುಗಳು ಒಪ್ಪಂದ ಮಾಡಿಕೊಂಡು ಪ್ರತ್ಯೇಕ ಸಂಸ್ಥೆ ಕಟ್ಟಬಹುದು. ಪೀಸ್ ರಿವರ್ ಮನಸೋಟ ಪ್ರಾದೇಶಿಕ ಪ್ರಾಧಿಕಾರ, ಟ್ಯಾಂಪಾ ಬೇ ವಾಟರ್, 2016ರಲ್ಲಿ ಶುರುವಾದ ಪೋಕ್ ಪ್ರಾದೇಶಿಕ ನೀರು ಸಹಕಾರಿ ಸಂಸ್ಥೆ ಇವೆಲ್ಲ ಇಂಥ ಮಾದರಿಗಳು.

ಟ್ಯಾಂಪಾ ಬೇ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ, ಯಾಕೆಂದರೆ ವೆಚ್ಚ ಹಂಚಿಕೆಯ ಅರ್ಥ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಬಾವಿಗಳಿಗಾಗಿ ಅಲ್ಲಿನ ಕೌಂಟಿಗಳೂ ನಗರಗಳೂ ವರ್ಷಗಟ್ಟಲೆ ಜಗಳವಾಡಿದವು, ಕೋರ್ಟಿಗೂ ಹೋದವು. ಜನ ಅದನ್ನು ನೀರಿನ ಯುದ್ಧ ಎಂದೇ ಕರೆದರು. 1998ರಲ್ಲಿ ರಾಜಿ ಆಯಿತು. ಹಿಲ್ಸ್‌ಬರೋ, ಪಾಸ್ಕೊ, ಪಿನೆಲಸ್ ಕೌಂಟಿಗಳು ಮತ್ತು ಟ್ಯಾಂಪಾ, ಸೇಂಟ್ ಪೀಟರ್ಸ್‌ಬರ್ಗ್, ನ್ಯೂ ಪೋರ್ಟ್ ರಿಚಿ ನಗರಗಳು ತಮ್ಮ ಬಾವಿಗಳನ್ನು ಒಂದೇ ಸಂಸ್ಥೆಗೆ ಒಪ್ಪಿಸಿದವು. 11 ಬಾವಿ ಕ್ಷೇತ್ರಗಳಿಂದ ದಿನಕ್ಕೆ ಎತ್ತುವ ನೀರನ್ನು 15.8 ಕೋಟಿ ಗ್ಯಾಲನ್ನಿನಿಂದ ಹಂತಹಂತವಾಗಿ 9 ಕೋಟಿಗೆ ಇಳಿಸಬೇಕು ಎಂದಾಯಿತು. ಬದಲಿ ನೀರಿನ ಮೂಲಗಳನ್ನು ಕಟ್ಟಲು ನೈಋತ್ಯ ಜಿಲ್ಲೆ 18.3 ಕೋಟಿ ಡಾಲರ್ ಕೊಡಲು ಒಪ್ಪಿತು.

ಇಲ್ಲಿ ಜಿಲ್ಲೆ ಕೊಂಡದ್ದು ಏನು? ಸಿಮೆಂಟು, ಪೈಪು ಅಲ್ಲ. ಕೆರೆಗಳಿಗೆ ನೀರು ಮರಳಲಿ ಎಂಬ ಭರವಸೆಯನ್ನು ಅದು ಕೊಂಡಿತು. ನೀವು ಅರ್ಜಿ ಬರೆಯುವಾಗಲೂ ಇದು ನೆನಪಿರಲಿ. 'ನಮಗೆ ಹೊಸ ಘಟಕ ಬೇಕು' ಎನ್ನುವ ಅರ್ಜಿಗಿಂತ 'ಈ ಘಟಕ ಬಂದರೆ ಇಂಥ ಬಾವಿಯಿಂದ ಇಷ್ಟು ನೀರೆತ್ತುವುದನ್ನು ನಿಲ್ಲಿಸುತ್ತೇವೆ' ಎನ್ನುವ ಅರ್ಜಿ ಎಷ್ಟೋ ಪಾಲು ಗಟ್ಟಿ.

ಜೊತೆಗಾರರ ಒಪ್ಪಂದದಲ್ಲಿ ಇಷ್ಟನ್ನಾದರೂ ಅಂಕಿಯಲ್ಲಿ ಬರೆದುಕೊಳ್ಳಿ: ಯಾವ ಊರಿಗೆ ದಿನಕ್ಕೆ ಎಷ್ಟು ಗ್ಯಾಲನ್, ಯಾವ ವರ್ಷದಿಂದ. ನೀರು ತೆಗೆದುಕೊಳ್ಳದಿದ್ದರೂ ಕಟ್ಟಬೇಕಾದ ಹಣ ಎಷ್ಟು. ಒಬ್ಬರು ಹಿಂದೆ ಸರಿದರೆ ಅವರ ಪಾಲು ಯಾರ ತಲೆಗೆ. ಬರಗಾಲದಲ್ಲಿ ಯಾರ ಪಾಲು ಮೊದಲು ಕಡಿತ. ಬೆಲೆ ಎಲ್ಲರಿಗೂ ಒಂದೇ ಆಗಿರಬೇಕೋ, ದೂರಕ್ಕೆ ತಕ್ಕ ಹಾಗೆ ಬೇರೆಯೋ. ನೆಂಟರು ಸೇರಿ ಮನೆ ಕಟ್ಟಿದ ಹಾಗೆ ಇದು: ಪಾಯ ಹಾಕುವಾಗ ಎಲ್ಲರೂ ಹತ್ತಿರ, ಬಿಲ್ ಬಂದಾಗಲೇ ಯಾರು ಎಲ್ಲಿದ್ದಾರೆ ಎಂದು ಗೊತ್ತಾಗುವುದು. ಸಣ್ಣ ಊರುಗಳು 'ಸದ್ಯಕ್ಕೆ ಸೇರಿಕೊಳ್ಳೋಣ, ಆಮೇಲೆ ನೋಡೋಣ' ಎಂದು ಸಹಿ ಹಾಕುವುದುಂಟು. ಆ 'ಆಮೇಲೆ' 30 ವರ್ಷದ ಬಾಂಡ್ (ಸಾಲಪತ್ರ) ರೂಪದಲ್ಲಿ ಬರುತ್ತದೆ.

ಹಂತ 4: ಲೆಕ್ಕ ಹಾಕಿ, ಅದೂ ಎರಡು ಬಗೆಯಲ್ಲಿ

ಉದಾಹರಣೆಗೆ ಒಂದು ಕಾಲ್ಪನಿಕ ಸವಳು ನೀರಿನ ಘಟಕ ತೆಗೆದುಕೊಳ್ಳೋಣ. ದಿನಕ್ಕೆ 50 ಲಕ್ಷ ಗ್ಯಾಲನ್ ಸಾಮರ್ಥ್ಯ, ಕಟ್ಟುವ ಖರ್ಚು 4 ಕೋಟಿ ಡಾಲರ್. ಒಂದು ಗ್ಯಾಲನ್ ಸಾಮರ್ಥ್ಯಕ್ಕೆ 8 ಡಾಲರ್ ಆಯಿತು. ಯೋಜನೆಗಳನ್ನು ಮೇಲ್ನೋಟಕ್ಕೆ ಹೋಲಿಸಲು ಈ ಅಂಕಿ ಸಾಕು.

ಆದರೆ ಬಿಲ್ ಕಟ್ಟುವ ಜನರಿಗೆ ಬೇಕಾದದ್ದು 1000 ಗ್ಯಾಲನ್ನಿಗೆ ಎಷ್ಟು ಎಂಬುದು. ಆ 4 ಕೋಟಿಯನ್ನು ಶೇ. 4ರ ಬಡ್ಡಿಯಲ್ಲಿ 30 ವರ್ಷ ತೀರಿಸಿದರೆ ವರ್ಷಕ್ಕೆ ಸುಮಾರು 23.1 ಲಕ್ಷ ಡಾಲರ್. ಘಟಕ ಪೂರ್ತಿ ಓಡಿದರೆ ವರ್ಷಕ್ಕೆ 182.5 ಕೋಟಿ ಗ್ಯಾಲನ್. ಅಂದರೆ 1000 ಗ್ಯಾಲನ್ನಿಗೆ ಸುಮಾರು 1.27 ಡಾಲರ್. ಅರ್ಧ ಅನುದಾನ ಸಿಕ್ಕರೆ ಅದು 63 ಸೆಂಟಿಗೆ ಇಳಿಯುತ್ತದೆ. ಖುಷಿಯ ವಿಷಯ, ಅಲ್ವಾ?

ಈಗ ಅದೇ ಘಟಕ ಅರ್ಧ ಸಾಮರ್ಥ್ಯದಲ್ಲಿ ಮಾತ್ರ ಓಡುತ್ತದೆ ಎಂದುಕೊಳ್ಳಿ. ಸಾಲ ಅಷ್ಟೇ ಇರುತ್ತದೆ, ನೀರು ಅರ್ಧ. ಬೆಲೆ ಮತ್ತೆ 1.27 ಡಾಲರ್. ಸಿಕ್ಕ ಅನುದಾನದ ಲಾಭವೆಲ್ಲ ಖಾಲಿ ಓಡುವ ಘಟಕಕ್ಕೇ ಹೋಯಿತು. ಹಾಗಾಗಿ ದೊಡ್ಡ ಅನುದಾನದ ಆಸೆಗೆ ದೊಡ್ಡ ಘಟಕ ಕಟ್ಟಬೇಡಿ. ಹಂತಹಂತವಾಗಿ ಕಟ್ಟಿ. ಮುಂದಿನ ಹಂತಕ್ಕೆ ಪೈಪು ಮತ್ತು ಜಾಗ ಇಟ್ಟುಕೊಂಡು, ಯಂತ್ರಗಳನ್ನು ಬೇಡಿಕೆ ಬಂದ ಹಾಗೆ ಸೇರಿಸಿ. ಈಗಾಗಲೇ ನಡೆಯುತ್ತಿರುವ ಯೋಜನೆಯ ಮುಂದಿನ ಹಂತ ಎಂಬುದನ್ನೂ ಅನುದಾನದ ಪರಿಶೀಲನೆಯಲ್ಲಿ ಪರಿಗಣಿಸುತ್ತಾರೆ.

ಇನ್ನೊಂದು ಮಾತು. ಈ ಪಾಲು ಕಟ್ಟುವ ಖರ್ಚಿಗೆ, ಓಡಿಸುವ ಖರ್ಚಿಗಲ್ಲ. ರಿವರ್ಸ್ ಆಸ್ಮೋಸಿಸ್‌ಗೆ (ನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಉಪ್ಪು ತೆಗೆಯುವ ವಿಧಾನ) ಬೇಕಾದ ಕರೆಂಟು, ಆ ಪೊರೆಯ ಅಂದರೆ ಮೆಂಬ್ರೇನ್‌ನ ಬದಲಾವಣೆ, ರಾಸಾಯನಿಕ, ಸಿಬ್ಬಂದಿ ಎಲ್ಲ ನಿಮ್ಮದೇ. ಎರಡನೆಯ ಲೆಕ್ಕದಲ್ಲಿ ಇವನ್ನೂ ಸೇರಿಸಿ.

ಉಳಿಯುವ ಉಪ್ಪಿನ ನೀರಿನ ಗತಿ ಏನು ಎಂಬುದನ್ನು ಮೊದಲ ದಿನವೇ ಕೇಳಿ. ಟ್ಯಾಂಪಾದ ಸಮುದ್ರ ನೀರಿನ ಘಟಕ ದಿನಕ್ಕೆ 4.4 ಕೋಟಿ ಗ್ಯಾಲನ್ ಒಳತೆಗೆದುಕೊಂಡು 2.5 ಕೋಟಿ ಕುಡಿಯುವ ನೀರು ಮಾಡುವ ಹಾಗೆ ಕಟ್ಟಿದ್ದು. ಉಳಿದ 1.9 ಕೋಟಿ ಗ್ಯಾಲನ್ ಉಪ್ಪಿನ ನೀರು ಪಕ್ಕದ ವಿದ್ಯುತ್ ಸ್ಥಾವರದ ತಂಪುನೀರಿನಲ್ಲಿ ಬೆರೆತು ಕೊಲ್ಲಿಗೆ ಹೋಗುತ್ತದೆ. ಆ ತಂಪುನೀರು ದಿನಕ್ಕೆ 140 ಕೋಟಿ ಗ್ಯಾಲನ್ನಿನವರೆಗೂ ಇರುವುದರಿಂದ ಉಪ್ಪು ಬಹಳ ತೆಳುವಾಗುತ್ತದೆ. ಒಳನಾಡಿನ ಊರಿಗೆ ಇಂಥ ಅನುಕೂಲ ಎಲ್ಲಿ? ಅಲ್ಲಿ ಸಾಮಾನ್ಯವಾಗಿ ಉಪ್ಪಿನ ನೀರನ್ನು ನೆಲದಾಳಕ್ಕೆ ತಳ್ಳುವ ಇಂಜೆಕ್ಷನ್ ಬಾವಿ ಕೊರೆಯಬೇಕು, ಅದಕ್ಕೆ ಪ್ರತ್ಯೇಕ ಪರವಾನಗಿ, ಪ್ರತ್ಯೇಕ ಖರ್ಚು. ಮರುಬಳಕೆ ನೀರಿನ ಯೋಜನೆಗೆ ತೊಡಕು ಬೇರೆ ಥರ: ಮಳೆಗಾಲದಲ್ಲಿ ಯಾರಿಗೂ ಬೇಡ, ಒಣ ತಿಂಗಳುಗಳಲ್ಲಿ ಎಲ್ಲರಿಗೂ ಬೇಕು. ಸಂಗ್ರಹಕ್ಕೆ ಜಾಗ ತೋರಿಸದ ಮರುಬಳಕೆ ಯೋಜನೆ ಅರ್ಧ ಯೋಜನೆ. ನೀರನ್ನು ನೆಲದಡಿಗೆ ತುಂಬಿ ಮತ್ತೆ ಎತ್ತುತ್ತೇವೆ ಎನ್ನುವವರು ಸುಣ್ಣಕಲ್ಲಿನಿಂದ ಆರ್ಸೆನಿಕ್ ಬಿಡುಗಡೆಯಾಗುವ ತೊಂದರೆಗೂ ಉತ್ತರ ಇಟ್ಟುಕೊಂಡಿರಬೇಕು.

ಹಂತ 5: ಅಂಕ ಎಲ್ಲಿ ಸಿಗುತ್ತದೆ ಎಂದು ತಿಳಿದು ಬರೆಯಿರಿ

ಕಾನೂನಿನ 373.707ನೇ ಸೆಕ್ಷನ್‌ನಲ್ಲಿ ಜಿಲ್ಲೆಗಳು ಏನೇನು ನೋಡಬೇಕು ಎಂಬ ಪಟ್ಟಿಯೇ ಇದೆ. ಅರ್ಜಿ ಬರೆಯುವ ಎಷ್ಟೋ ಜನ ಅದನ್ನು ಓದಿಯೇ ಇರುವುದಿಲ್ಲ ಎಂಬುದು ನನ್ನ ಅನುಮಾನ.

ಪರಿಸರಕ್ಕೆ ಆಗುವ ಲಾಭ ಮೊದಲು. ನದಿ, ಬುಗ್ಗೆ, ಕೆರೆಗಳಿಗೆ ಜಿಲ್ಲೆ ನಿಗದಿ ಮಾಡಿದ ಕನಿಷ್ಠ ಹರಿವು ಅಥವಾ ಕನಿಷ್ಠ ಮಟ್ಟ ಇರುತ್ತದೆ. ನಿಮ್ಮ ಯೋಜನೆ ಹಳೆಯ ಮೂಲದ ನೀರನ್ನು ಬದಲಿಸಿ ಆ ಮಟ್ಟವನ್ನು ಮುಟ್ಟಲು ನೆರವಾಗುತ್ತದೆಯೇ? ಹೌದಾದರೆ ಯಾವ ಕೆರೆ, ಯಾವ ಬುಗ್ಗೆ, ಎಷ್ಟು ಎಂದು ಹೆಸರು ಹೇಳಿ ಬರೆಯಿರಿ. 'ಪರಿಸರಕ್ಕೆ ಒಳ್ಳೆಯದು' ಎಂಬ ಮಾತಿಗೆ ಯಾರೂ ಅಂಕ ಕೊಡುವುದಿಲ್ಲ.

ನಂತರ ಖರ್ಚಿಗೆ ಹೋಲಿಸಿದರೆ ಎಷ್ಟು ನೀರು, ಪ್ರಾದೇಶಿಕ ಸಂಸ್ಥೆ ಹೌದೇ, ಮರುಬಳಕೆ ನೀರನ್ನು ಬಳಕೆದಾರರ ತನಕ ಮುಟ್ಟಿಸುವ ಭಾಗ ಇದೆಯೇ, ನೀರಿಗಾಗಿ ಊರೂರುಗಳ ಪೈಪೋಟಿ ಕಡಿಮೆಯಾಗುತ್ತದೆಯೇ ಎಂಬುವು ಬರುತ್ತವೆ. ಪ್ರಾದೇಶಿಕ ಯೋಜನೆ ಹೇಳಿದ ಕಾಲಕ್ಕೆ ಮುಗಿಸಲು ಸಾಕಷ್ಟು ಪ್ರಾಥಮಿಕ ಎಂಜಿನಿಯರಿಂಗ್ ಆಗಿದೆಯೇ ಎಂದೂ ನೋಡುತ್ತಾರೆ. ಪರೀಕ್ಷಾ ಬಾವಿ ಕೊರೆಸದೆ ಬರೀ ನಕಾಶೆ ತೋರಿಸುವವರು ಸೋಲುವುದು ಇಲ್ಲೇ.

ನೀರು ಉಳಿತಾಯದಲ್ಲಿ ನಿಮ್ಮ ಸಾಧನೆಯೂ ಲೆಕ್ಕಕ್ಕೆ ಬರುತ್ತದೆ. ನೈಋತ್ಯ ಜಿಲ್ಲೆಯ ನಿಯಮದಲ್ಲಿ ತಲೆಗೆ ದಿನಕ್ಕೆ 150 ಗ್ಯಾಲನ್ ಎಂಬ ಮಿತಿಯಿದೆ. ಇರುವ ನೀರನ್ನು ಹುಲ್ಲುಹಾಸಿಗೆ ಸುರಿಯುತ್ತಾ ಹೊಸ ನೀರಿಗೆ ಹಣ ಕೇಳಿದರೆ ಜಿಲ್ಲೆಯ ಆಡಳಿತ ಮಂಡಳಿಯವರು ಮುಖ ತಿರುಗಿಸುತ್ತಾರೆ.

ಪಟ್ಟಿಯ ಒಂದು ಅಂಶ ನನಗೆ ತುಂಬಾ ಇಷ್ಟ. ಊರಿನ ನೀರು ವಿಭಾಗದ ಆದಾಯವನ್ನು ನಗರದ ಸಾಮಾನ್ಯ ಖಜಾನೆಗೆ ಎಷ್ಟು ಸಾಗಿಸುತ್ತಿದ್ದಾರೆ, ಪಡೆದ ಸೇವೆಗೆ ಕೊಡಬೇಕಾದ್ದಕ್ಕಿಂತ ಅದು ಜಾಸ್ತಿಯೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೀರಿನ ಬಿಲ್ಲಿನ ಹಣವನ್ನು ಬೇರೆ ಕಡೆ ಖರ್ಚು ಮಾಡಿ, ನೀರಿಗೆ ಹಣವಿಲ್ಲ ಎಂದು ಕೈಚಾಚುವುದು ಹೇಗೆ ಸರಿ? ನಿಮ್ಮ ಹಣಕಾಸು ವಿಭಾಗದಿಂದ ಈ ಅಂಕಿಯನ್ನು ಮೊದಲೇ ತರಿಸಿಕೊಳ್ಳಿ. ಸಾರ್ವಜನಿಕ ಸಭೆಯಲ್ಲಿ ಬೇರೆಯವರ ಬಾಯಿಂದ ಕೇಳುವುದು ಬೇಡ.

ಹಂತ 6: ಕ್ಯಾಲೆಂಡರ್

ಇಲ್ಲಿ ಎರಡು ಹಣಕಾಸು ವರ್ಷಗಳು ಓಡುತ್ತವೆ. ರಾಜ್ಯದ್ದು ಜುಲೈ 1ರಿಂದ, ಜಿಲ್ಲೆಗಳದ್ದು ಅಕ್ಟೋಬರ್ 1ರಿಂದ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ನೈಋತ್ಯ ಜಿಲ್ಲೆಯ ಸಹಕಾರಿ ಅನುದಾನ ಕಾರ್ಯಕ್ರಮ 1988ರಿಂದ ಇದೆ. ಅಲ್ಲಿ ಬಹುಕಾಲದಿಂದ ಅರ್ಜಿಯ ಗಡುವು ಅಕ್ಟೋಬರ್ ತಿಂಗಳ ಮೊದಲ ಶುಕ್ರವಾರ. ಚಳಿಗಾಲದಲ್ಲಿ ಸಿಬ್ಬಂದಿ ಪರಿಶೀಲಿಸುತ್ತಾರೆ, ಸಾರ್ವಜನಿಕ ಸಭೆಗಳಲ್ಲಿ ಯೋಜನೆಗಳಿಗೆ ಶ್ರೇಣಿ ಕೊಡುತ್ತಾರೆ, ಬೇಸಿಗೆಯಲ್ಲಿ ಬಜೆಟ್ ಕರಡು ಬರುತ್ತದೆ, ಸೆಪ್ಟೆಂಬರ್‌ನಲ್ಲಿ ಅಂತಿಮ ಒಪ್ಪಿಗೆ. ಅಂದರೆ ಅರ್ಜಿ ಕೊಟ್ಟ ಮೇಲೆ ಹಣ ಬಜೆಟ್ಟಿಗೆ ಬರಲು ಸುಮಾರು ಒಂದು ವರ್ಷ. ಬೇರೆ ಜಿಲ್ಲೆಗಳ ಗಡುವು ಬೇರೆ, ಆ ವರ್ಷದ ಪ್ರಕಟಣೆ ನೋಡಿಯೇ ಮುಂದುವರಿಯಿರಿ.

ಅರ್ಜಿ ಹಾಕುವ ಮೊದಲು ಜಿಲ್ಲೆಯ ಸಿಬ್ಬಂದಿಯ ಜೊತೆ ಒಂದು ಭೇಟಿ ಇಟ್ಟುಕೊಳ್ಳಿ. ಇದಕ್ಕೆ ದುಡ್ಡಿಲ್ಲ, ಆದರೆ ಫಲ ಬಹಳ. ನಿಮ್ಮ ಯೋಜನೆಯನ್ನು ಯಾವ ತಲೆಬರಹದಡಿ ಹಾಕಬೇಕು, ಯಾವ ಭಾಗ ಅರ್ಹ, ಯಾವುದು ಅಲ್ಲ ಎಂದು ಅವರೇ ಹೇಳುತ್ತಾರೆ. ದೊಡ್ಡ ಯೋಜನೆಯಾದರೆ ನೀವು ಮೊದಲು ಶೇ. 30ರಷ್ಟು ವಿನ್ಯಾಸ ಮುಗಿಸಬೇಕು, ನೈಋತ್ಯ ಜಿಲ್ಲೆ ಅದನ್ನು ಹೊರಗಿನ ತಜ್ಞರಿಂದ ಪರಿಶೀಲಿಸಿ, ಆಮೇಲೆ ಕಾಮಗಾರಿಯ ಹಣದ ಮಾತಾಡುತ್ತದೆ. ವಿನ್ಯಾಸಕ್ಕೆ ಒಂದು ಅರ್ಜಿ, ಕಾಮಗಾರಿಗೆ ಇನ್ನೊಂದು ಎಂದೇ ಯೋಚಿಸಿ.

ಹಂತ 7: ನಿಮ್ಮ ಪಾಲಿನ ಹಣ ಎಲ್ಲಿಂದ

ಎಷ್ಟು ಪಾಲು ಎಂಬುದು ಹಣದ ಮೂಲವನ್ನು ಅವಲಂಬಿಸಿದೆ. ನೈಋತ್ಯ ಜಿಲ್ಲೆ ತನ್ನ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಅರ್ಹ ಖರ್ಚಿನ ಅರ್ಧ ಕೊಡುತ್ತದೆ. 2005ರಲ್ಲಿ ಬಂದ ರಾಜ್ಯದ ನೀರು ಸಂರಕ್ಷಣೆ ಮತ್ತು ಸುಸ್ಥಿರತೆ ಕಾರ್ಯಕ್ರಮದ ಹಣವಾದರೆ ಕಾಮಗಾರಿ ಖರ್ಚಿನ ಕನಿಷ್ಠ ಶೇ. 60ನ್ನು ಅರ್ಜಿದಾರರೇ ಭರಿಸಬೇಕು. ಆರ್ಥಿಕವಾಗಿ ಹಿಂದುಳಿದ ಸಣ್ಣ ಸ್ಥಳೀಯ ಸರ್ಕಾರಗಳಿಗೆ ಇದನ್ನು ಪೂರ್ತಿಯಾಗಿಯೋ ಭಾಗಶಃವೋ ಮನ್ನಾ ಮಾಡುವ ಅಧಿಕಾರ ಜಿಲ್ಲೆಗಿದೆ. ನಿಮ್ಮ ಊರು ಆ ಪಟ್ಟಿಗೆ ಸೇರುತ್ತದೆ ಅನ್ನಿಸಿದರೆ ನಾಚಿಕೆ ಬಿಟ್ಟು ಲಿಖಿತವಾಗಿ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

'ಅರ್ಹ ಖರ್ಚು' ಎಂಬ ಪದ ಒಟ್ಟು ಖರ್ಚಲ್ಲ ಎಂಬುದು ನೆನಪಿರಲಿ. ಒಪ್ಪಂದಕ್ಕೆ ಮೊದಲು ಮಾಡಿದ ಖರ್ಚು ಸಾಮಾನ್ಯವಾಗಿ ಸೇರುವುದಿಲ್ಲ. ಹಾಗಾಗಿ 'ಶೇ. 50' ಎಂದು ಪತ್ರಿಕೆಯಲ್ಲಿ ಬಂದದ್ದು ನಿಮ್ಮ ಒಟ್ಟು ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ ಆಗುತ್ತದೆ.

ನಿಮ್ಮ ಪಾಲಿಗೆ ಬಾಂಡ್, ನೀರಿನ ದರ, ಹೊಸ ಮನೆಗಳಿಂದ ವಸೂಲು ಮಾಡುವ ಶುಲ್ಕ, ಜೊತೆಗೆ ಸಾಲ. ರಾಜ್ಯ ನಡೆಸುವ ಆವರ್ತ ನಿಧಿಯಲ್ಲಿ (ತೀರಿ ಬಂದ ಸಾಲದ ಹಣವನ್ನೇ ಮತ್ತೆ ಸಾಲ ಕೊಡುವ ನಿಧಿ) ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ. ದೊಡ್ಡ ಯೋಜನೆಗೆ 2014ರ ಕಾಯ್ದೆಯಿಂದ ಬಂದ ವಿಫಿಯಾ ಎಂಬ ಕೇಂದ್ರ ಸಾಲವಿದೆ. ಯೋಜನೆ ಕನಿಷ್ಠ 2 ಕೋಟಿ ಡಾಲರಿನದ್ದಾಗಿರಬೇಕು, 25,000 ಅಥವಾ ಅದಕ್ಕಿಂತ ಕಡಿಮೆ ಜನರಿರುವ ಊರಿಗೆ 50 ಲಕ್ಷ ಸಾಕು. ಸಾಮಾನ್ಯವಾಗಿ ಅರ್ಹ ಖರ್ಚಿನ ಶೇ. 49ರವರೆಗೆ ಸಿಗುತ್ತದೆ. ಕಾಮಗಾರಿ ಬಹುಪಾಲು ಮುಗಿದ ಮೇಲೆ ಐದು ವರ್ಷದವರೆಗೆ ಕಂತು ಮುಂದೂಡಬಹುದು. ಬೇಡಿಕೆ ನಿಧಾನವಾಗಿ ಏರುವ ಪ್ರಾದೇಶಿಕ ಘಟಕಕ್ಕೆ ಈ ಸವಲತ್ತು ತುಂಬಾ ದೊಡ್ಡದು. ಆದರೆ ಕೇಂದ್ರದ ಹಣ ಬಂದರೆ ಅಮೆರಿಕದ ಕಬ್ಬಿಣ ಮತ್ತು ಉಕ್ಕು, ನಿಗದಿತ ಕೂಲಿ ದರ ಎಂಬ ಷರತ್ತುಗಳೂ ಬರುತ್ತವೆ. ಟೆಂಡರ್ ಕರೆಯುವ ಮೊದಲೇ ಅವನ್ನು ಸೇರಿಸಿ, ಆಮೇಲೆ ಸೇರಿಸಲು ಹೋದರೆ ಗುತ್ತಿಗೆದಾರರು ಬೆಲೆ ಏರಿಸುತ್ತಾರೆ. ಕೇಂದ್ರ ಸರ್ಕಾರದ ನೀರಿನ ಸಂಸ್ಥೆಯಾದ ಬ್ಯೂರೋ ಆಫ್ ರಿಕ್ಲಮೇಶನ್‌ನ ಮರುಬಳಕೆ ಅನುದಾನದ ಬಗ್ಗೆ ಓದಿ ಆಸೆಪಡಬೇಡಿ, ಅದು ಪಶ್ಚಿಮದ ರಾಜ್ಯಗಳಿಗೆ.

ಹಂತ 8: ಒಪ್ಪಂದ, ಬಿಲ್ ಮತ್ತು ಸಾಧನೆ

ಹಣ ಮಂಜೂರಾದರೆ ಚೆಕ್ ಬರುವುದಿಲ್ಲ. ಇದು ಮರುಪಾವತಿ ಪದ್ಧತಿ. ಮೊದಲು ನೀವು ಗುತ್ತಿಗೆದಾರನಿಗೆ ಕೊಡಬೇಕು, ದಾಖಲೆ ಕಳಿಸಬೇಕು, ಆಮೇಲೆ ಜಿಲ್ಲೆ ತನ್ನ ಪಾಲು ಕೊಡುತ್ತದೆ. ನಡುವಿನ ತಿಂಗಳುಗಳಿಗೆ ಕೈಯಲ್ಲಿ ಹಣ ಬೇಕು. ಸಣ್ಣ ಊರುಗಳು ಸಿಕ್ಕಿಬೀಳುವುದು ಇಲ್ಲೇ. ಅಲ್ಪಾವಧಿ ಸಾಲವನ್ನು ಮೊದಲೇ ಮಾತಾಡಿಟ್ಟುಕೊಳ್ಳಿ, ಅದರ ಬಡ್ಡಿಯನ್ನೂ ಖರ್ಚಿಗೆ ಸೇರಿಸಿ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ಸಾಲು ಹುಡುಕಿ ಓದಿ. ಕಾಮಗಾರಿ ಯಾವ ದಿನದೊಳಗೆ ಮುಗಿಯಬೇಕು, ತಡವಾದರೆ ಏನು. ಖರ್ಚು ಏರಿದರೆ ಹೆಚ್ಚುವರಿ ಯಾರದ್ದು. ಹೇಳಿದಷ್ಟು ನೀರು ಬಾರದಿದ್ದರೆ ಹಣ ವಾಪಸ್ ಕೊಡಬೇಕೇ.

ಮೂರನೆಯದು ಬರೀ ಕಾಗದದ ಮಾತಲ್ಲ. ಟ್ಯಾಂಪಾ ಬೇ ಸಮುದ್ರ ನೀರಿನ ಘಟಕಕ್ಕೆ ಜಿಲ್ಲೆ 8.5 ಕೋಟಿ ಡಾಲರ್ ಪಾಲು ಒಪ್ಪಿಕೊಂಡಿತ್ತು. 2003ರಲ್ಲಿ ನೀರು ಬಂತು, ಆದರೆ ಕಟ್ಟುವ ಕಂಪನಿಗಳು ಒಂದರ ಹಿಂದೆ ಒಂದು ದಿವಾಳಿಯಾದವು, ಮೆಂಬ್ರೇನ್‌ಗಳು ಬೇಗ ಬೇಗ ಕಟ್ಟಿಕೊಂಡವು. ಸಮುದ್ರದ ಹಸಿರು ಚಿಪ್ಪುಜೀವಿಗಳ ಕಾಟ ಬೇರೆ. ಮುಂಚಿನ ಶುದ್ಧೀಕರಣದ ಭಾಗವನ್ನೇ ಸರಿಪಡಿಸಿ ಪೂರ್ತಿ ಓಡಿಸಲು 2007-08ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಕೊನೆಯ ಕಂತು ನೀರಿನ ಉತ್ಪಾದನೆಯ ಗುರಿಗೆ ಕಟ್ಟಿಹಾಕಿಕೊಂಡಿತ್ತು. ಆ ಥರದ ಷರತ್ತು ನಿಮಗೆ ಭಾರ ಅನ್ನಿಸಬಹುದು. ನನ್ನ ಕೇಳಿದರೆ ಅದೇ ಷರತ್ತನ್ನು ನಿಮ್ಮ ಗುತ್ತಿಗೆದಾರನ ಒಪ್ಪಂದದಲ್ಲೂ ಹಾಕಿ. ಜಿಲ್ಲೆ ನಿಮ್ಮಿಂದ ಕೇಳುವ ಖಾತರಿಯನ್ನು ನೀವು ಬೇರೆ ಯಾರಿಂದಲಾದರೂ ಪಡೆದಿರಬೇಕು.

ಬಿಲ್‌ಗಳ ಕಡತವನ್ನು ಮೊದಲ ದಿನದಿಂದ ಒಬ್ಬರೇ ನೋಡಿಕೊಳ್ಳಲಿ. ಗುತ್ತಿಗೆದಾರನ ಬಿಲ್, ಪಾವತಿಯ ದಾಖಲೆ, ಕೆಲಸ ಆದ ಫೋಟೋ, ಬದಲಾವಣೆ ಆದೇಶ ಎಲ್ಲಕ್ಕೂ ಒಂದೇ ಯೋಜನಾ ಸಂಖ್ಯೆ. ಆಡಿಟ್ ಬಂದಾಗ ಅರ್ಹ ಖರ್ಚು ಮತ್ತು ಅರ್ಹವಲ್ಲದ ಖರ್ಚು ಒಂದೇ ಬಿಲ್ಲಿನಲ್ಲಿ ಬೆರೆತಿದ್ದರೆ ಪೂರ್ತಿ ಬಿಲ್ಲೇ ತಿರಸ್ಕಾರ ಆಗಬಹುದು.

ಪರ್ಯಾಯ ನೀರು ಕಟ್ಟುವವರಿಗೆ ಇನ್ನೊಂದು ಲಾಭವಿದೆ, ಇದನ್ನು ಹಲವರು ಗಮನಿಸುವುದಿಲ್ಲ. 2013ರ ಜುಲೈನಿಂದೀಚೆಗೆ ಅಂಥ ಯೋಜನೆಗೆ ಕೊಡುವ ನೀರು ಬಳಕೆ ಪರವಾನಗಿ, ಸಾಕಷ್ಟು ಮಾಹಿತಿ ಒದಗಿಸಿದ್ದರೆ, ಕನಿಷ್ಠ 30 ವರ್ಷದ್ದು. ಬಾಂಡ್ ಮಾರುವ ಬ್ಯಾಂಕಿನವರು ಮೊದಲು ಕೇಳುವುದೇ ನೀರಿನ ಹಕ್ಕು ಎಷ್ಟು ವರ್ಷದ್ದು ಎಂದು. ಅನುದಾನದ ಅರ್ಜಿಯ ಜೊತೆಜೊತೆಗೇ ಪರವಾನಗಿಯ ಅರ್ಜಿಯನ್ನೂ ನಡೆಸಿ.

ಈ ವರ್ಷ ಸಿಗದಿದ್ದರೆ

ಮೊದಲ ಸಲಕ್ಕೆ ಕಡಿಮೆ ಶ್ರೇಣಿ ಬಂದರೆ ಸಿಬ್ಬಂದಿಯ ಪರಿಶೀಲನಾ ಟಿಪ್ಪಣಿ ಕೇಳಿ ಪಡೆಯಿರಿ. ಫ್ಲೋರಿಡಾದಲ್ಲಿ ಇದು ಸಾರ್ವಜನಿಕ ದಾಖಲೆ. ಗೆದ್ದ ಅರ್ಜಿಗಳನ್ನೂ ತರಿಸಿಕೊಂಡು ಓದಿ. ನಿಮ್ಮ ಯೋಜನೆಯನ್ನು ಒಡೆದು, ಮೊದಲು ಪರೀಕ್ಷಾ ಬಾವಿ ಮತ್ತು ಪ್ರಾಥಮಿಕ ವಿನ್ಯಾಸಕ್ಕೆ ಮಾತ್ರ ಹಣ ಕೇಳುವುದು ಒಂದು ದಾರಿ. ಪಕ್ಕದ ಊರಿನ ಯೋಜನೆ ಮೇಲಿನ ಶ್ರೇಣಿಯಲ್ಲಿದ್ದರೆ ಅದರಲ್ಲಿ ಪಾಲು ಕೇಳುವುದು ಇನ್ನೊಂದು, ಎಷ್ಟೋ ಸಲ ಅದೇ ಅಗ್ಗ. ಅಕ್ಟೋಬರ್‌ಗೆ ಕಾಯುತ್ತಾ ಕೂರಬೇಡಿ: ರಾಜ್ಯ ಬಜೆಟ್ಟಿನ ಮಾತುಕತೆ ಶುರುವಾಗುವ ಮೊದಲು ನಿಮ್ಮ ಯೋಜನೆ ಜಿಲ್ಲೆಯ ಪಟ್ಟಿಯಲ್ಲಿ ಯಾವ ಸಾಲಿನಲ್ಲಿದೆ ಎಂದು ಫೋನ್ ಮಾಡಿ ಕೇಳಿ.